ಯಂತ್ರದೋಷವೂ ಹೊಣೆಗಾರಿಕೆಯೂ: ಕರಾವಳಿಯ ಮೋಟಾರು ಸಂಚಾರದಲ್ಲಿ ಗಾಯಾಳುವಿಗೆ ದೊರೆತ ಕಾನೂನಿನ ನೆರವು

ದಕ್ಷಿಣ ಕನ್ನಡದ ಸಾರಿಗೆಯ ಚರಿತ್ರೆಯನ್ನು ಬರೆಯುವವರು ರಸ್ತೆ, ಕಡವು, ಸೇತುವೆ, ಬಸ್ಸಿನ ಕಂಪೆನಿ ಇವುಗಳನ್ನೇ ವಿಷಯವಾಗಿ ಎತ್ತಿಕೊಳ್ಳುವುದು ವಾಡಿಕೆ. ಅದೇ ಬಸ್ಸಿನಲ್ಲಿ ಕುಳಿತು ಕೈಕಾಲು ಮುರಿದುಕೊಂಡವನ ಚರಿತ್ರೆಯನ್ನು ನ್ಯಾಯಾಲಯದ ಕಡತಗಳಿಗೆ ಬಿಟ್ಟುಕೊಡುತ್ತೇವೆ. ಆ ಚರಿತ್ರೆಯ ಒಂದು ಭಾಗವನ್ನು ಮಾತ್ರ ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ. ಚಾಲಕನ ಅಜಾಗರೂಕತೆಯಿಂದಲ್ಲದೆ ವಾಹನದ ದೋಷದಿಂದಲೇ, ಎಂದರೆ ಬ್ರೇಕು ಹಿಡಿಯದೆ, ಟಯರು ಒಡೆದು, ಬೋಲ್ಟು ಮುರಿದು ಅಪಘಾತವಾದಾಗ, ಗಾಯಾಳುವು ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಕಾನೂನು ಬೇರೆಬೇರೆ ಕಾಲಗಳಲ್ಲಿ ಬೇರೆಬೇರೆ ಉತ್ತರಗಳನ್ನು ಕೊಟ್ಟಿದೆ. ಯಂತ್ರದೋಷವೆಂಬುದು ನಮ್ಮ ನ್ಯಾಯಾಲಯಗಳನ್ನು ಮೊದಲು ಪ್ರವೇಶಿಸಿದುದು ಗಾಯಾಳುವಿನ ದೂರಾಗಿ ಅಲ್ಲ, ಮಾಲಿಕನ ಗುರಾಣಿಯಾಗಿ. ಅದು ಗಾಯಾಳುವಿನ ಕೈಗೆ ಆಯುಧವಾಗಿ ಬರುವುದಕ್ಕೆ ಒಂದು ಶತಮಾನವೇ ಹಿಡಿಯಿತು ಎಂಬುದು ನಮ್ಮ ಅಭಿಪ್ರಾಯ.

ವಿಷಯವನ್ನು ಒಂದು ಸ್ಥಳದಿಂದ ನೋಡುವುದು ಲೇಸು. ಉಡುಪಿಯಿಂದ ತೆಂಕಣಕ್ಕೆ ಉದ್ಯಾವರವನ್ನು ಕಳೆದೊಡನೆ ಸಿಗುವ ಕಟಪಾಡಿಯು, ಕರಾವಳಿಯ ಹೆದ್ದಾರಿಯಿಂದ ಶಂಕರಪುರ, ಶಿರ್ವಗಳ ಕಡೆಗೆ ಒಳದಾರಿ ಕವಲೊಡೆಯುವ ಊರು. ಹಿಂದೆ 17 ಎಂದೂ 2010ರ ಬಳಿಕ 66 ಎಂದೂ ಸಂಖ್ಯೆ ಪಡೆದ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಶಂಕರಪುರದ ಮಲ್ಲಿಗೆಯ ಅಟ್ಟೆಗಳು, ಕಾಲೇಜಿನ ಮಕ್ಕಳು, ಕಚೇರಿಯ ನೌಕರರು, ಮಣಿಪಾಲದ ಆಸ್ಪತ್ರೆಗೆ ಹೋಗುವ ರೋಗಿಗಳು ಎಲ್ಲರೂ ಬಸ್ಸನ್ನೇ ಹತ್ತಬೇಕು. ಮಂಗಳೂರಿಗೆ 1907ರಲ್ಲಿಯೇ ರೈಲು ಬಂದಿದ್ದರೂ ಉಡುಪಿಗೆ ಅದು ಬಂದುದು ಕೊಂಕಣ ರೈಲ್ವೆಯ ಕಾಲದಲ್ಲಿ, 1993ರಲ್ಲಿ. ಅಲ್ಲಿಯವರೆಗಿನ ಸುಮಾರು ಎಂಟು ದಶಕಗಳಲ್ಲಿ ನೆಲದ ಮೇಲಿನ ದೂರ ಪ್ರಯಾಣವೆಂದರೆ ಮೋಟಾರೇ ಆಗಿದ್ದಿತು. ಅದೂ ಬಹುತೇಕ ಖಾಸಗಿಯವರ ಬಸ್ಸು. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯು ಬಸ್ಸು ಓಡಿಸತೊಡಗಿದ 1914ರಲ್ಲಿಯೇ ಭಾರತದ ಮೊದಲನೆಯ ಮೋಟಾರು ವಾಹನ ಕಾಯಿದೆಯೂ ಹೊರಟಿತು. ಆ ಕಾಯಿದೆಯು ವಾಹನದ ನೋಂದಣಿ, ಚಾಲಕನ ಲೈಸೆನ್ಸು, ವೇಗ ಇವುಗಳನ್ನು ನಿಯಂತ್ರಿಸಿತೇ ಹೊರತು, ಗಾಯಗೊಂಡವನಿಗೆ ಪರಿಹಾರ ದೊರಕಿಸುವ ಏರ್ಪಾಡನ್ನು ಮಾಡಲಿಲ್ಲ.

ಹಾಗಾದರೆ ಗಾಯಾಳುವಿಗೆ ಏನು ಗತಿಯಿದ್ದಿತು? 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲಿದ್ದಿತು. ಕಟಪಾಡಿಯವನ ದಾವೆ ಉಡುಪಿಯ ಮುನ್ಸೀಫ್ ಕೋರ್ಟಿನಲ್ಲಿಯೋ ಮಂಗಳೂರಿನಲ್ಲಿಯೋ ಹುಟ್ಟಿದರೆ, ಅದರ ಕೊನೆಯ ಮೇಲ್ಮನವಿ ಪೂರ್ವ ಸಮುದ್ರದ ದಡದಲ್ಲಿರುವ ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಮೃತನ ಕುಟುಂಬಕ್ಕೆ ಆಧಾರವಾಗಿದ್ದುದು 1855ರ ಮಾರಣಾಂತಿಕ ಅಪಘಾತಗಳ ಕಾಯಿದೆ. ಇಂಗ್ಲೆಂಡಿನಲ್ಲಿ 1846ರಲ್ಲಿ ರೈಲುಗಳ ಯುಗಕ್ಕೆಂದು ಮಾಡಿದ ಶಾಸನದ ಭಾರತೀಯ ರೂಪವದು. ಬದುಕಿ ಉಳಿದ ಗಾಯಾಳುವು ಸಾಮಾನ್ಯ ದಿವಾಣಿ ದಾವೆಯನ್ನೇ ಹೂಡಬೇಕಾಗಿದ್ದಿತು. 1908ರ ಕಾಲಮಿತಿ ಕಾಯಿದೆಯ ಪ್ರಕಾರ ಎರಡಕ್ಕೂ ಅವಧಿ ಒಂದೇ ವರ್ಷ. ಕೇಳಿದ ಮೊಬಲಗಿಗೆ ತಕ್ಕಂತೆ ಕೋರ್ಟುಶುಲ್ಕ ತೆರಬೇಕು. ತೆರಲಾರದವನು 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಂತೆ ತಾನು ‘ಪಾಪರ್’ ಎಂದು ಮೊದಲು ರುಜುಪಡಿಸಬೇಕು. ಎಂದರೆ, ಬಸ್ಸಿನ ಮಾಲಿಕನ ತಪ್ಪಿನ ವಿಚಾರಣೆಗೆ ಮುನ್ನ ಗಾಯಾಳುವಿನ ಬಡತನದ ವಿಚಾರಣೆ ನಡೆಯುತ್ತಿದ್ದಿತು. ‘ಪಾಪರ್’ ಎಂಬ ಪದವನ್ನು ಆ ಸಂಹಿತೆಯಿಂದ ಕಿತ್ತುಹಾಕಿ ‘ನಿರ್ಗತಿಕ ವ್ಯಕ್ತಿ’ ಎಂದು ಮಾಡಿದುದು 1976ರಲ್ಲಿ. ವಕೀಲರ ಹಣ, ಸಾಕ್ಷಿಗಳ ಬತ್ತೆ, ಪುಟ್ಟ ಹಕ್ಕಲಿನ ಮೇಲೆ ಮಾಡಿದ ಸಾಲ ಇವುಗಳ ಲೆಕ್ಕವನ್ನು ಯಾವ ತೀರ್ಪೂ ಬರೆದಿಡುವುದಿಲ್ಲ.

ಆ ವ್ಯವಸ್ಥೆ ಹೇಗೆ ನಡೆಯುತ್ತಿದ್ದಿತೆಂಬುದಕ್ಕೆ ಅದೇ ಮದರಾಸು ಪ್ರಾಂತದ ಒಂದು ಮೊಕದ್ದಮೆ ಉತ್ತಮವಾದ ನಿದರ್ಶನ. ಘಟನೆಯ ಸ್ಥಳ ತಮಿಳು ಸೀಮೆಯಾದರೂ ಕಾನೂನು, ಶುಲ್ಕ, ಉಚ್ಚ ನ್ಯಾಯಾಲಯ ಮೂರೂ ಕಟಪಾಡಿಯವನಿಗೆ ಅನ್ವಯಿಸುತ್ತಿದ್ದವೇ ಆಗಿದ್ದವು. 1947ರ ಸೆಪ್ಟೆಂಬರ್ 20ರಂದು ಧಾರಾಪುರ ಮತ್ತು ಪಳನಿಗಳ ನಡುವಣ ದಾರಿಯಲ್ಲಿ ಗೋಬಾಲ್ಡ್ ಮೋಟಾರ್ ಸರ್ವಿಸ್ ಎಂಬ ಕಂಪೆನಿಯ ಬಸ್ಸು ಅಪಘಾತಕ್ಕೀಡಾಯಿತು. ಗಾಯಗೊಂಡ ಪ್ರಯಾಣಿಕರಲ್ಲಿ ಒಬ್ಬಾತನು ಮೂರು ದಿನಗಳ ಮೇಲೆ ತೀರಿಕೊಂಡನು. ಅವನ ಕುಟುಂಬದವರು 1855ರ ಕಾಯಿದೆಯ ಆಧಾರದ ಮೇಲೆ ದಾವೆ ಹೂಡಿದರು. ಕಂಪೆನಿಯ ಉತ್ತರವು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಚಾಲಕನು ವೇಗವಾಗಿಯೂ ಓಡಿಸಲಿಲ್ಲ, ಅಜಾಗರೂಕನೂ ಆಗಿರಲಿಲ್ಲ. ಹಿಂಬದಿಯ ನಡುಬೋಲ್ಟು ಒಮ್ಮೆಲೇ ಕೈಕೊಟ್ಟಿತು. ಇದು ಯಾರೂ ತಡೆಯಲಾಗದ ಆಕಸ್ಮಿಕ ಎಂಬುದೇ ಆ ಉತ್ತರದ ಸಾರ.

ಈ ವಾದದ ಚಾತುರ್ಯವನ್ನು ಗಮನಿಸಬೇಕು. ಬೋಲ್ಟು ಮುರಿದುದು ನಿಜವೆಂದೇ ಇಟ್ಟುಕೊಳ್ಳೋಣ. ಆ ಬೋಲ್ಟನ್ನು ಹಾಕಿದವರು ಯಾರು, ಕೊನೆಯ ಬಾರಿಗೆ ಅದನ್ನು ಬಿಚ್ಚಿ ನೋಡಿದುದು ಯಾವಾಗ, ಅದು ಸವೆದಿದ್ದಿತೋ ಅಥವಾ ಹೊಸದಾಗಿಯೇ ಕಳಪೆಯಾಗಿದ್ದಿತೋ ಎಂಬ ಸಂಗತಿಗಳೆಲ್ಲ ಕಂಪೆನಿಯ ವರ್ಕ್‌ಶಾಪಿನ ಗೋಡೆಯೊಳಗೆ ಇರತಕ್ಕವು. ವಿಧವೆಯೂ ಮಕ್ಕಳೂ ಅವನ್ನು ತಿಳಿಯುವ ಬಗೆ ಯಾವುದು? ಯಂತ್ರವು ಮುರಿಯಿತೆಂದು ಮಾಲಿಕನು ಹೇಳಿದೊಡನೆ ದೋಷವು ಚಾಲಕನಿಂದ ಜಾರಿ ಬೋಲ್ಟಿಗೆ ತಗಲುತ್ತದೆ. ಬೋಲ್ಟನ್ನು ಯಾರೂ ಕಟಕಟೆಗೆ ಕರೆಯುವಂತಿಲ್ಲ. ಈ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯಗಳು ಬೋಲ್ಟಿನ ಕಥೆಯನ್ನು ಒಪ್ಪದೆ ಬಸ್ಸಿನ ವೇಗವೇ ಕಾರಣವೆಂದು ತೀರ್ಮಾನಿಸಿದುವು. ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಕೋಕಾ ಸುಬ್ಬರಾಯರ ಲೇಖನಿಯಿಂದ ಬಂದ 1961ರ ತೀರ್ಪಿನಲ್ಲಿ ಆ ನಿರ್ಣಯವನ್ನು ಬದಲಾಯಿಸಲಿಲ್ಲ. ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಪರಿಹಾರದ ಮೊತ್ತವನ್ನು ಲೆಕ್ಕಹಾಕುವ ಕ್ರಮಕ್ಕಾಗಿ ಓದುತ್ತಾರೆ. ಚರಿತ್ರೆಯ ವಿದ್ಯಾರ್ಥಿಗೆ ಬೇರೆರಡು ಸಂಗತಿಗಳು ಕಾಣಿಸಬೇಕು: ಅಪಘಾತಕ್ಕೂ ಕೊನೆಯ ತೀರ್ಪಿಗೂ ನಡುವೆ ಕಳೆದ ಹದಿನಾಲ್ಕು ವರ್ಷಗಳು ಒಂದು, ಇಷ್ಟು ದೀರ್ಘವಾದ ವ್ಯಾಜ್ಯದಲ್ಲಿ ಬಸ್ಸನ್ನು ತಯಾರಿಸಿದವನ ಹೊಣೆಯ ಪ್ರಶ್ನೆಯೇ ಏಳಲಿಲ್ಲವೆಂಬುದು ಇನ್ನೊಂದು.

ತಯಾರಕನನ್ನು ಕೇಳಬಹುದೆಂಬ ಯೋಚನೆ ಆಗ ಲೋಕದಲ್ಲಿ ಇರಲಿಲ್ಲವೆಂದಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 1916ರಲ್ಲಿಯೇ, ಮ್ಯಾಕ್‌ಫರ್ಸನ್ ಎಂಬಾತನು ಬ್ಯೂಕ್ ಕಂಪೆನಿಯ ಮೇಲೆ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಕಾರ್ಡೋಜೊ ಅವರು ಈ ಬಾಗಿಲನ್ನು ತೆರೆದಿದ್ದರು. ಕಾರಿನ ಮರದ ಚಕ್ರದ ಅರಗಳು ಕಳಪೆ ಮರದವಾಗಿದ್ದು ಚಕ್ರ ಕುಸಿದು ಆತನಿಗೆ ಪೆಟ್ಟಾಗಿದ್ದಿತು. ಕಾರನ್ನು ಆತ ಕೊಂಡುದು ಒಬ್ಬ ವ್ಯಾಪಾರಿಯಿಂದ. ಚಕ್ರವನ್ನು ಮಾಡಿದುದು ಇನ್ನೊಂದು ಕಾರ್ಖಾನೆ. ಆದರೂ ಪರೀಕ್ಷಿಸದೆ ಚಕ್ರವನ್ನು ಜೋಡಿಸಿ ಕಳುಹಿಸಿದ ಬ್ಯೂಕ್ ಕಂಪೆನಿಯೇ ಹೊಣೆಯೆಂದು ತೀರ್ಪಾಯಿತು. ಇಂಗ್ಲೆಂಡಿನಲ್ಲಿ 1932ರ ಡೊನೊಹ್ಯೂ ಮೊಕದ್ದಮೆ ಅದೇ ತತ್ತ್ವವನ್ನು ಎಲ್ಲ ಬಗೆಯ ಸರಕುಗಳಿಗೂ ಹಬ್ಬಿಸಿತು. ಭಾರತದ ನ್ಯಾಯವಾದಿಗಳು ಈ ತೀರ್ಪುಗಳನ್ನು ಓದಿಕೊಂಡೇ ಇದ್ದರು. ಆದರೆ ಇಲ್ಲಿ ಕೈಗೆಟಕುತ್ತಿದ್ದ ಶಾಸನವೆಂದರೆ 1930ರ ಸರಕು ಮಾರಾಟ ಕಾಯಿದೆ. ಅದು ಕೊಂಡವನಿಗೂ ಮಾರಿದವನಿಗೂ ನಡುವಣ ಕರಾರಿನ ಮಾತನ್ನಾಡುತ್ತದೆ. ಚೀಟಿ ಕೊಂಡು ಬಸ್ಸು ಹತ್ತಿದವನು ಬಸ್ಸನ್ನು ಕೊಂಡವನಲ್ಲ.

1939ರ ಮೋಟಾರು ವಾಹನ ಕಾಯಿದೆಯಿಂದ ಒಂದು ಹೊಸ ಅಧ್ಯಾಯ ಪ್ರಾರಂಭವಾಯಿತು. ಅದರ ವಿಮೆಯ ಭಾಗವು 1946ರ ಜುಲೈ 1ರಿಂದ ಜಾರಿಗೆ ಬಂದು, ಮೂರನೆಯವನಿಗಾಗುವ ಹಾನಿಗೆ ವಿಮೆ ಕಡ್ಡಾಯವಾಯಿತು. 1956ರ ತಿದ್ದುಪಡಿಯು ಪರಿಹಾರ ನ್ಯಾಯಮಂಡಳಿಗಳಿಗೆ ಎಡೆಮಾಡಿ 1957ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ ಆಗ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ತೆರೆದುದೂ ಅದೇ 1957ರಲ್ಲಿ. ಭಾರೀ ಕೋರ್ಟುಶುಲ್ಕದ ಕಾಟ ತಪ್ಪಿತು, ವಿಚಾರಣೆಯ ಕ್ರಮ ಸರಳವಾಯಿತು. ಕೊಟ್ಟ ಕೈ ಒಂದಾದರೆ ಕಸಿದ ಕೈ ಇನ್ನೊಂದು: ಅರ್ಜಿ ಹಾಕಲು ಮೊದಲು ಇಟ್ಟ ಅವಧಿ ಅರುವತ್ತೇ ದಿನಗಳು. ಮುರಿದ ತೊಡೆಯ ಮೂಳೆ ಕೂಡುವುದಕ್ಕೇ ಅಷ್ಟು ದಿನ ಸಾಲದು. 1970ರಿಂದ ಅದು ಆರು ತಿಂಗಳಾಯಿತು. 1994ರಲ್ಲಿ ಮಿತಿಯನ್ನೇ ತೆಗೆದುಹಾಕಲಾಯಿತು. 2019ರ ತಿದ್ದುಪಡಿಯ ಮೂಲಕ 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಮರಳಿ ಬಂದಿತು.

ಇಲ್ಲಿ ಬಸ್ಸಿನ ಚಾಲಕ ಮತ್ತು ಕ್ಲೀನರರನ್ನು ಮರೆಯಬಾರದು. ಬ್ರೇಕು ಹೋದ ಬಸ್ಸಿನಲ್ಲಿ ಮೊದಲು ಗಾಯಗೊಳ್ಳುವವನು ಚಾಲಕನೇ. ನ್ಯಾಯಮಂಡಳಿಯ ಮುಂದೆ ಅವನು ಸಾಮಾನ್ಯವಾಗಿ ಪ್ರತಿವಾದಿ. ಆದರೆ 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪ್ರಕಾರ, ಕೆಲಸದಲ್ಲಿರುವಾಗ ಕೆಲಸದ ಕಾರಣದಿಂದಲೇ ಗಾಯವಾಯಿತೆಂದು ತೋರಿಸಿದರೆ ಸಾಕು, ಮಾಲಿಕನ ತಪ್ಪನ್ನು ತೋರಿಸಬೇಕಾಗಿಲ್ಲ. ಮಿಕ್ಕ ಪ್ರಯಾಣಿಕರಿಗೆ ಆರು ದಶಕಗಳ ಬಳಿಕ ಅರೆಬರೆಯಾಗಿ ದೊರೆತ ತತ್ತ್ವವು ಚಾಲಕನಿಗೆ ಅಷ್ಟು ಮೊದಲೇ ದೊರೆತಿದ್ದಿತೆಂಬುದು ವಿಚಿತ್ರವಾದರೂ ಸತ್ಯ.

ಗುರಾಣಿಯ ಕಥೆಗೆ ಮರಳೋಣ. ಬ್ರಿಟನ್ನಿನ ಪ್ರಭುಸಭೆಯು 1950ರಲ್ಲಿ, ಟಯರು ಒಡೆದು ಬಸ್ಸು ಉರುಳಿದ ಬಾರ್ಕ್‌ವೇ ಮೊಕದ್ದಮೆಯಲ್ಲಿ, ಟಯರಿಗೆ ಬಲವಾದ ಪೆಟ್ಟು ಬಿದ್ದಾಗ ವರದಿ ಮಾಡಬೇಕೆಂದು ಚಾಲಕರಿಗೆ ತಿಳಿಸದಿದ್ದುದೇ ಕಂಪೆನಿಯ ತಪ್ಪೆಂದು ಹೇಳಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಮುಂಬಯಿಯ ಒಂದು ಮೊಕದ್ದಮೆಯಲ್ಲಿ ಇದೇ ದಾರಿಯ ಅರ್ಧವನ್ನು ನಡೆಯಿತು. ಯಂತ್ರದೋಷವನ್ನು ಆಶ್ರಯಿಸುವ ಮಾಲಿಕನು ಆ ದೋಷ ಗುಪ್ತವಾಗಿದ್ದಿತೆಂದೂ ತಕ್ಕ ಎಚ್ಚರಿಕೆಯಿಂದ ನೋಡಿದರೂ ಕಾಣುವಂತಿರಲಿಲ್ಲವೆಂದೂ ತಾನೇ ಹೇಳಿ ತಾನೇ ರುಜುಪಡಿಸಬೇಕೆಂದು ವಿಧಿಸಿತು. ಬೋಲ್ಟಿನ ಗುಟ್ಟನ್ನು ವರ್ಕ್‌ಶಾಪಿನಿಂದ ಹೊರತರುವ ಭಾರ ಹೀಗೆ ಮಾಲಿಕನ ತಲೆಗೆ ಬಂದಿತು. ಆದರೆ ಅದೇ ತೀರ್ಪು, ತಪ್ಪಿನ ರುಜುವಾತಿಲ್ಲದೆ ಪರಿಹಾರವಿಲ್ಲವೆಂದೂ, ನಿಜಕ್ಕೂ ಗುಪ್ತವಾದ ದೋಷವಾದರೆ ಮಾಲಿಕನು ಹೊಣೆಯಲ್ಲವೆಂದೂ ಸಾರಿತು. ಹಾಗಿದ್ದಲ್ಲಿ ಗಾಯಾಳುವಿನ ಪಾಲಿಗೆ ಉಳಿದವರು ಯಾರು? ಸಂಸತ್ತು 1982ರಲ್ಲಿ, ತಪ್ಪು ಯಾರದೇ ಇರಲಿ, ಮರಣಕ್ಕೆ 15,000 ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂದು ನಿಯಮಿಸಿತು. 1988ರ ಕಾಯಿದೆ ಅದನ್ನು 25,000 ಮತ್ತು 12,000ಕ್ಕೂ, 1994ರ ತಿದ್ದುಪಡಿ 50,000 ಮತ್ತು 25,000ಕ್ಕೂ ಏರಿಸಿದುವು. 2022ರಲ್ಲಿ ಜಾರಿಗೆ ಬಂದ ಹೊಸ ವಿಧಿಯಲ್ಲಿ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ.

ಗುರಾಣಿ ನಿಜವಾಗಿ ಮುರಿದುದು 2001ರಲ್ಲಿ. ದಾರಿಯಲ್ಲಿ ನಡೆದು ಹೋಗುತ್ತಿದ್ದವನೊಬ್ಬನ ಮೇಲೆ, ಮುಂದಿನ ಟಯರು ಒಡೆದ ಜೀಪು ಮಗುಚಿ ಬಿದ್ದು ಅವನು ಮೃತಪಟ್ಟಿದ್ದನು. ಚಾಲಕನ ತಪ್ಪು ರುಜುವಾಗಲಿಲ್ಲವೆಂದು ಕೆಳಗಿನ ಹಂತಗಳಲ್ಲಿ ಕುಟುಂಬದವರ ಕೋರಿಕೆ ಬಿದ್ದುಹೋಗಿದ್ದಿತು. ಸರ್ವೋಚ್ಚ ನ್ಯಾಯಾಲಯವು ಇಂಗ್ಲೆಂಡಿನ 1868ರ ರೈಲಾಂಡ್ಸ್ ಮೊಕದ್ದಮೆಯ ಕಠಿಣ ಹೊಣೆಯ ತತ್ತ್ವವನ್ನು ರಸ್ತೆಗೆ ತಂದು, ಟಯರಿನ ದೋಷ ಯಾರದಾದರೂ ಸರಿ, ಅಪಾಯದ ವಸ್ತುವನ್ನು ದಾರಿಗಿಳಿಸಿದವನೇ ಹೊಣೆಯೆಂದು ನಿರ್ಣಯಿಸಿತು. ಗಣಿಯೊಂದಕ್ಕೆ ನೀರು ನುಗ್ಗಿದ ಮೊಕದ್ದಮೆಯಿಂದ ಹುಟ್ಟಿದ ಸೂತ್ರವು ಜೀಪಿನ ಟಯರಿಗೆ ಅನ್ವಯಿಸಲು 133 ವರ್ಷಗಳು ಬೇಕಾದುವು.

ಇಷ್ಟಾದರೂ ತಯಾರಕನು ಚಿತ್ರದೊಳಗೆ ಬರಲಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. 1988ರ ಕಾಯಿದೆಯ 168ನೆಯ ವಿಧಿಯು ಪರಿಹಾರ ತೆರಬೇಕಾದವರನ್ನು ಹೆಸರಿಸುವಾಗ ವಿಮಾದಾರ, ಮಾಲಿಕ, ಚಾಲಕ ಎಂಬ ಮೂವರನ್ನೇ ಹೇಳುತ್ತದೆ. ನಾಲ್ಕನೆಯವನು ಮರೆಯಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಚರಿತ್ರೆಗೆ ಆಕರಗಳನ್ನು ಹುಡುಕುವ ನಮ್ಮಂತಹವರಿಗೆ ಅದು ವಿಶೇಷವಾಗಿ ಮುಖ್ಯ. ಅಪಘಾತವಾದೊಡನೆ ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಪರಿಹಾರದ ಕಡತಗಳಲ್ಲಿ ಮಹಜರು, ಸ್ಥಳದ ನಕ್ಷೆ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ ಇವುಗಳ ಜತೆಗೆ ಈ ವರದಿಯೂ ದಾಖಲೆಯಾಗಿ ಗುರುತಾಗುತ್ತದೆ. ನುಜ್ಜಾದ ಭಾಗಗಳ ಪಟ್ಟಿ, ಬ್ರೇಕಿನ ಸ್ಥಿತಿ, ಕೊನೆಗೆ ಅಪಘಾತವು ಯಾಂತ್ರಿಕ ದೋಷದಿಂದ ಆದುದಲ್ಲವೆಂಬ ಒಂದು ವಾಕ್ಯ: ಸಾಮಾನ್ಯವಾಗಿ ಅದರ ಸ್ವರೂಪ ಇಷ್ಟೇ. ಆ ವಾಕ್ಯವು ಗಾಯಾಳುವಿಗೆ ಉಪಕಾರಿಯೇ. ಅದರಿಂದ ಚಾಲಕನ ತಪ್ಪು ಸುಲಭವಾಗಿ ನಿಲ್ಲುತ್ತದೆ, ವಿಮೆಯ ಹಣ ಬರುತ್ತದೆ. ಆದುದರಿಂದ ಗಾಯಾಳುವಿನ ವಕೀಲರಿಗೆ ಯಂತ್ರದೋಷವನ್ನು ಕೆದಕುವ ಉತ್ಸಾಹ ಇರುವುದಿಲ್ಲ, ಇರಬೇಕೆಂದು ಹೇಳುವುದೂ ನ್ಯಾಯವಲ್ಲ. ಮನೆಯಲ್ಲಿ ಮಲಗಿರುವವನಿಗೆ ಬೇಕಾದುದು ಔಷಧಿಯ ಹಣವೇ ಹೊರತು ಲೋಹಶಾಸ್ತ್ರದ ಸತ್ಯವಲ್ಲ. ಆದರೆ ಇದರ ಫಲವಾಗಿ, ಚಾಲಕನ ತಪ್ಪೆಂದು ಬರೆದಿಟ್ಟ ಸಾವಿರಾರು ಕಡತಗಳಿಂದ ವಾಹನದ ದೋಷದ ಪ್ರಮಾಣವನ್ನು ಅಳೆಯಹೊರಡುವ ಸಂಶೋಧಕನು ಮೋಸಹೋಗುತ್ತಾನೆ. ಈ ದಾಖಲೆಗಳು ಸಾಧಿಸಿದ ಉದ್ದೇಶ ಬೇರೆ.

ಬಡವನ ನೆರವಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ಅನುಚ್ಛೇದವು ಉಚಿತ ಕಾನೂನು ನೆರವನ್ನು ರಾಜ್ಯದ ಧ್ಯೇಯವಾಗಿ ಮಾಡಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕೆಲಸಗಾರರು, ವರಮಾನ ಕಡಮೆಯಿರುವವರು ವಕೀಲರನ್ನು ಉಚಿತವಾಗಿ ಪಡೆಯಬಹುದು. 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಕಟಪಾಡಿಯವನಿಗೆ ಜಿಲ್ಲಾ ಕೇಂದ್ರವೇ ಹತ್ತಿರ ಬಂದಿತು. ಲೋಕ ಅದಾಲತ್ತಿನ ರಾಜಿಯಲ್ಲಿ ಹಣ ಬೇಗ ಸಿಗುತ್ತದೆ, ಮೇಲ್ಮನವಿಯ ಅಲೆದಾಟವಿಲ್ಲ. ಆದರೆ ರಾಜಿಯಾದ ಮೊಕದ್ದಮೆಯಲ್ಲಿ ಬ್ರೇಕು ಏಕೆ ಹಿಡಿಯಲಿಲ್ಲವೆಂಬ ಪ್ರಶ್ನೆಗೆ ಉತ್ತರ ಬರೆಯುವ ಅಗತ್ಯವೂ ಇಲ್ಲ.

ತಯಾರಕನನ್ನು ಹೊಣೆಯಾಗಿಸುವ ದಾರಿ ತೆರೆದುದು ಬಳಕೆದಾರರ ಕಾನೂನಿನ ಕಡೆಯಿಂದ. ಈ ಚಳವಳಿಯಲ್ಲಿ ಉಡುಪಿಯ ಬಳಕೆದಾರರ ವೇದಿಕೆಗೂ ಡಾ. ರವೀಂದ್ರನಾಥ ಶಾನುಭಾಗರಿಗೂ ಗಣ್ಯವಾದ ಸ್ಥಾನವುಂಟು. 1986ರ ಕಾಯಿದೆಯಲ್ಲಿ ಕೆಟ್ಟ ಸರಕನ್ನು ಬದಲಾಯಿಸಿಕೊಡುವ, ನಷ್ಟ ತುಂಬುವ ಮಾತಿದ್ದಿತು. 2019ರ ಕಾಯಿದೆಯು 82ರಿಂದ 87ರವರೆಗಿನ ವಿಧಿಗಳಲ್ಲಿ ‘ಉತ್ಪನ್ನ ಹೊಣೆಗಾರಿಕೆ’ಯನ್ನು ಮೊದಲ ಬಾರಿಗೆ ಶಾಸನವಾಗಿ ಬರೆಯಿತು, 2020ರ ಜುಲೈ ತಿಂಗಳಲ್ಲಿ ಅದು ಜಾರಿಗೆ ಬಂದಿತು. ತಯಾರಿಕೆಯ ದೋಷ, ವಿನ್ಯಾಸದ ದೋಷ, ತಕ್ಕ ಎಚ್ಚರಿಕೆಯನ್ನು ಕೊಡದಿದ್ದುದು ಇವುಗಳಿಂದಾದ ಗಾಯಕ್ಕೆ ತಯಾರಕನು ಹೊಣೆ. ಬೇರೆಯವರ ಬಿಡಿಭಾಗಗಳನ್ನು ಜೋಡಿಸಿದವನೂ ತಯಾರಕನೇ. ಇದು ಬಸ್ಸಿನ ವಿಷಯದಲ್ಲಿ ಸಣ್ಣ ಮಾತಲ್ಲ; ಬಸ್ಸಿನ ಅಡಿಗಟ್ಟು ಒಂದು ಕಾರ್ಖಾನೆಯದಾದರೆ ಮೇಲಿನ ಒಡಲನ್ನು ಕಟ್ಟುವುದು ಅನೇಕ ವೇಳೆ ಇನ್ನೊಂದು ಕಾರ್ಖಾನೆ.

2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಒಂದು ತೀರ್ಪು, ಅದು ಹಳೆಯ ಕಾಯಿದೆಯ ಕೆಳಗೆ ಹುಟ್ಟಿದುದಾದರೂ, ಈ ಹೊಸ ಕಾಲದ ಮನೋಧರ್ಮವನ್ನು ತೋರಿಸುತ್ತದೆ. 2017ರಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಹ್ಯುಂಡೈ ಕಂಪೆನಿಯ ಕಾರೊಂದು ಅಪಘಾತಕ್ಕೀಡಾದಾಗ ಅದರ ಗಾಳಿಚೀಲಗಳು ಬಿಚ್ಚಿಕೊಳ್ಳದೆ ಮಾಲಿಕನು ಗಾಯಗೊಂಡಿದ್ದನು. ಪೆಟ್ಟು ಮುಂಭಾಗದಿಂದ ಸಾಕಷ್ಟು ಬಲವಾಗಿ ಬೀಳಲಿಲ್ಲವೆಂಬುದು ಕಂಪೆನಿಯ ಸಮಾಧಾನ. ವೇಗ, ಬಲಗಳ ಲೆಕ್ಕವನ್ನು ಹಾಕಬಲ್ಲ ಭೌತಶಾಸ್ತ್ರಜ್ಞನಾಗಿರಬೇಕೆಂದು ಗ್ರಾಹಕನಿಂದ ನಿರೀಕ್ಷಿಸಲಾಗದೆಂದು ನ್ಯಾಯಾಲಯ ಹೇಳಿ, ಮೂರು ಲಕ್ಷ ರೂಪಾಯಿಗಳ ಪರಿಹಾರವನ್ನೂ ಕಾರನ್ನು ಬದಲಾಯಿಸಿಕೊಡುವ ಆದೇಶವನ್ನೂ ಎತ್ತಿಹಿಡಿಯಿತು. 1947ರ ವಿಧವೆಯ ಮುಂದಿದ್ದ ಬೋಲ್ಟಿನ ಗುಟ್ಟಿಗೆ ಇಷ್ಟು ಕಾಲದ ಮೇಲೆ ದೊರೆತ ಉತ್ತರವಿದು.

ಆದರೆ ಉತ್ತರ ದೊರೆತುದು ಯಾರಿಗೆ? ಕಾರನ್ನು ಕೊಂಡವನಿಗೆ. 2019ರ ಬಳಕೆದಾರರ ಕಾಯಿದೆಯು ಹೇಳುವ ಹಾನಿ ‘ಬಳಕೆದಾರ’ನಿಗೆ ಆದ ಹಾನಿ. ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಅದರೊಳಗೆ ಬರುತ್ತಾನೆ. ಆದರೆ ವ್ಯಾಪಾರಕ್ಕಾಗಿ ಕೊಂಡ ಸರಕಿಗೆ ಆ ವ್ಯಾಖ್ಯೆ ಸಾಮಾನ್ಯವಾಗಿ ಸಲ್ಲುವುದಿಲ್ಲ, ಬಸ್ಸನ್ನು ಕೊಳ್ಳುವುದಾದರೋ ವ್ಯಾಪಾರಕ್ಕೆಂದೇ. ಕಟಪಾಡಿಯ ಜಂಕ್ಷನ್ನಿನಲ್ಲಿ ರಸ್ತೆ ದಾಟುವ ಪಾದಚಾರಿಯಂತೂ ಯಾವ ಸರಕಿನ ಬಳಕೆದಾರನೂ ಅಲ್ಲ. ಇವರಿಬ್ಬರೂ ಈಗಲೂ ನ್ಯಾಯಮಂಡಳಿಗೇ ಹೋಗಿ ವಿಮಾದಾರ, ಮಾಲಿಕ, ಚಾಲಕ ಎಂಬ ಮೂವರನ್ನೇ ಕೇಳಬೇಕಾಗಿದೆ.

ಗಾಯವಾದ ಮೇಲಿನ ನೆರವಿಗಿಂತ ಗಾಯವಾಗುವ ಮೊದಲೇ ದೋಷದ ವಾಹನವನ್ನು ಹಿಂದಕ್ಕೆ ಕರೆಸುವುದು ಮೇಲೆಂಬ ಯೋಚನೆಯನ್ನು ಅಮೆರಿಕವು 1966ರಲ್ಲಿಯೇ ಶಾಸನವಾಗಿ ಮಾಡಿತು. ಅದರ ಹಿಂದಿನ ವರ್ಷ ಬಂದ ರಾಲ್ಫ್ ನೇಡರನ ಗ್ರಂಥವು ಅದಕ್ಕೆ ಒತ್ತಾಸೆಯಾಗಿದ್ದಿತು. ಭಾರತದ ವಾಹನ ತಯಾರಕರ ಸಂಘವು 2012ರಲ್ಲಿ ಸ್ವಯಂಪ್ರೇರಿತ ನಿಯಮಾವಳಿಯೊಂದನ್ನು ಒಪ್ಪಿಕೊಂಡಿತು. ಕಡ್ಡಾಯವಾದ ವಿಧಿ ಬಂದುದು 2019ರ ತಿದ್ದುಪಡಿಯ 110ಎ ವಿಧಿಯಿಂದ. ಅದರ ನಿಯಮಗಳು 2021ರಲ್ಲಿ ಪ್ರಕಟವಾದುವು. ಏಳು ವರ್ಷ ಕಳೆದ ವಾಹನಕ್ಕೆ ಅವು ಅನ್ವಯಿಸುವುದಿಲ್ಲ. ದೋಷದ ಸುದ್ದಿ ಕೇಂದ್ರ ಸರ್ಕಾರಕ್ಕೆ ಮುಟ್ಟಲು ಆ ವಿಧಿಯು ಮೂರು ದಾರಿಗಳನ್ನು ಹೇಳುತ್ತದೆ: ನಿರ್ದಿಷ್ಟ ಪ್ರಮಾಣದಷ್ಟು ಮಾಲಿಕರ ದೂರು, ಪರೀಕ್ಷಾ ಸಂಸ್ಥೆಯ ವರದಿ, ‘ಬೇರೆ ಯಾವುದೇ ಮೂಲ’. ಬೆಳಗ್ಗೆ ಶಿರ್ವದಿಂದ ಬಂದು ಕಟಪಾಡಿಯಲ್ಲಿ ಇಳಿಯುವ ಪ್ರಯಾಣಿಕನು ಮಾಲಿಕನಲ್ಲ, ಪರೀಕ್ಷಾ ಸಂಸ್ಥೆಯೂ ಅಲ್ಲ. ಅವನ ಮಾತು ಸೇರುವುದು ಮೂರನೆಯ ಸಾಲಿನಲ್ಲಿ.